ಜಮಖಾನದ ಬಿಲ್ಲು ಒಂಬತ್ತು ದಿನದಲ್ಲಿ ಪಾಸಾಯಿತು

ನಾನೊಬ್ಬ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಅಂಗನವಾಡಿಗೆ, ಅರಿವು ಕೇಂದ್ರಕ್ಕೆ (ಊರಿನ ಗ್ರಂಥಾಲಯ) ಪ್ಲಾಸ್ಟಿಕ್ ಚಾಪೆ ಬೇಡ, ನವಲಗುಂದದ ಕೈಮಗ್ಗದ ಜಮಖಾನ ತರೋಣ ಅಂತ ನಮ್ಮ ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಹೇಳಿದಾಗ ಸದಸ್ಯರು ಮುಖ ಮುಖ ನೋಡಿಕೊಂಡರು. ಅಕ್ಕಪಕ್ಕದ ಪಿಡಿಒಗಳಂತೂ "ಆಡಿಟ್‌ನಲ್ಲಿ ಸಿಕ್ಕಿಬೀಳ್ತೀಯ, ಸುಮ್ನಿರು" ಅಂದರು. ಅದಾಗಿ ನಾಲ್ಕು ವರ್ಷ. ಇವತ್ತಿಗೆ ನಮ್ಮ ಫೈಲ್ ಮೇಲೆ ಒಂದು ಆಕ್ಷೇಪಣೆಯೂ ಬಾಕಿ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಪೂರ್ತಿ ಕೆಟ್ಟಿತು. ಮೂರು ದರಪಟ್ಟಿ ಕರೆದೆವು. ಕಡಿಮೆ ದರ ಹಾಕಿದವನು ಒಬ್ಬ ಡೀಲರ್. ಕಾಗದದಲ್ಲಿ "ಕೈಮಗ್ಗ, ಶುದ್ಧ ಹತ್ತಿ" ಅಂತಲೇ ಇತ್ತು. ಹತ್ತು ಜಮಖಾನ ಬಂದವು. ಮುಟ್ಟಿದರೆ ಜಾರುತ್ತಿತ್ತು, ಅನುಮಾನ ಬಂತು. ಅಂಚಿನ ಕುಚ್ಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿದೆ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬಂದು ಮೆತ್ತಗಿನ ಬೂದಿಯಾಗಬೇಕು. ಇದು ಮುದುಡಿಕೊಂಡು ಗಟ್ಟಿ ಮಣಿಯಾಯಿತು. ಬಿಲ್ ಆಗಿರಲಿಲ್ಲ, ಬಚಾವ್. ಎಲ್ಲಾ ವಾಪಸ್ ಕಳಿಸಿದೆ. ಅವತ್ತಿನಿಂದ ನನ್ನ ಮೇಜಿನ ಮೇಲೆ ಬೆಂಕಿಪೊಟ್ಟಣ ಇದ್ದೇ ಇರುತ್ತದೆ.

ಎರಡನೇ ವರ್ಷ ನೇರವಾಗಿ ನೇಯುವ ಹೆಣ್ಣುಮಕ್ಕಳ ಹತ್ತಿರವೇ ಹೋದೆ. ನಾಲ್ಕು ಅಡಿಗೆ ಆರು ಅಡಿಯದು, ಒಂದಕ್ಕೆ ಸುಮಾರು 2,800 ರೂಪಾಯಿ, ಹದಿನಾಲ್ಕು ಜಮಖಾನ. ಹತ್ತಿರ ಹತ್ತಿರ 40 ಸಾವಿರ, ಅಷ್ಟೂ ಪಂಚಾಯಿತಿಯ ಸ್ವಂತ ಆದಾಯದ ದುಡ್ಡು. ಮಾಲು ಬಹಳ ಚೆನ್ನಾಗಿತ್ತು. ಕೆಟ್ಟದ್ದು ನಮ್ಮ ಕಡೆ. ಜಿಎಸ್‌ಟಿ ನಂಬರ್ ಇಲ್ಲದೆ ಬಿಲ್ ಆಗಲ್ಲ ಅಂತ ಲೆಕ್ಕದವರು ಹಠ ಹಿಡಿದರು. ಮಾಲು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟದಿದ್ದರೆ, ಅದೂ ರಾಜ್ಯದೊಳಗೇ ಮಾರಿದರೆ, ನೋಂದಣಿ ಬೇಕಿಲ್ಲ ಅಂತ ಒಪ್ಪಿಸೋಕೇ ಒಂದು ತಿಂಗಳು ಹೋಯಿತು. ಆಮೇಲೆ ನೋಡಿದರೆ ಅಧ್ಯಕ್ಷರು ಡಿಜಿಟಲ್ ಸಹಿ ಹಾಕುವ ಡೋಂಗಲ್‌ನ ಅವಧಿ ಮುಗಿದಿತ್ತು. ಅದು ಸರಿಹೋಯಿತು ಅನ್ನುವಾಗ ದುಡ್ಡು ಹಾಕಿದ್ದು ವಾಪಸ್ ಬಂತು. ಪಾಸ್‌ಬುಕ್‌ನಲ್ಲಿದ್ದದ್ದು ಬ್ಯಾಂಕ್ ವಿಲೀನಕ್ಕೆ ಮುಂಚಿನ ಐಎಫ್‌ಎಸ್‌ಸಿ ಕೋಡ್! ಒಟ್ಟು ನಾಲ್ಕು ತಿಂಗಳು.

ಕ್ಷಮೆ ಕೇಳೋಕೆ ಅವರ ಮನೆಗೆ ಹೋದೆ. ನಿಂತ ಮಗ್ಗದ ಮುಂದೆ ಇಬ್ಬರು ಪಕ್ಕಪಕ್ಕ ಕೂತು ಕಬ್ಬಿಣದ ಪಂಜದಿಂದ ಎಳೆ ಕುಟ್ಟುತ್ತಿದ್ದರು. ಹಿರಿಯರು ಕೈ ನಿಲ್ಲಿಸದೆ ಹೇಳಿದರು: "ಸಾಹೇಬ್ರ, ನೀವು ಕೊಟ್ಟ ರೇಟ್ ಚೊಲೋ ಐತ್ರಿ. ಆದ್ರ ನೂಲಿನ ಸಾಲದ ಬಡ್ಡಿ ಅದನ್ನ ತಿಂದ್ ಹೋತ್ರಿ."

ನ್ಯಾಯದ ದರ ಕೊಟ್ಟೆ ಅಂತ ಬೀಗುತ್ತಿದ್ದ ನನಗೆ ಆ ಮಾತು ನಾಟಿತು. ನ್ಯಾಯದ ವ್ಯಾಪಾರದ (ಫೇರ್ ಟ್ರೇಡ್) ಸಂಸ್ಥೆಗಳು ಕರಕುಶಲ ಮಾಲಿಗೆ, ಮಾಡುವವರು ಕೇಳಿದರೆ, ಅರ್ಧ ದುಡ್ಡು ಬಡ್ಡಿಯಿಲ್ಲದೆ ಮುಂಗಡ ಕೊಡಬೇಕು ಅನ್ನೋದು ಸುಮ್ನೆ ಅಲ್ಲ. ಪಂಚಾಯಿತಿಯಲ್ಲಿ ಮುಂಗಡ ಅಂದರೆ ಆಡಿಟ್‌ನವರು ಬಿಡ್ತಾರಾ?

ಮೂರನೇ ವರ್ಷ ಹೀಗೆ ಮಾಡಿದೆ. ಒಂದೇ ಅಂದಾಜು, ಒಂದೇ ನಡಾವಳಿ, ಒಂದೇ ಆದೇಶ. ಪೂರೈಕೆ ಮಾತ್ರ ನಾಲ್ಕು ಕಂತು. ಮೊದಲ ಕಂತು ಬರೀ ಎರಡು ಜಮಖಾನ. ಅದರ ದುಡ್ಡು ಹದಿನೈದು ದಿನದೊಳಗೆ. ಆ ದುಡ್ಡಿನಲ್ಲೇ ಮುಂದಿನ ಕಂತಿನ ನೂಲು. ಆದೇಶ ಒಂದೇ ಆದ್ದರಿಂದ, ಟೆಂಡರ್ ತಪ್ಪಿಸೋಕೆ ಖರೀದಿ ತುಂಡು ಮಾಡಿದ್ದೀರಿ ಅನ್ನುವ ಪ್ರಶ್ನೆಯೇ ಇಲ್ಲ. ಬ್ಯಾಂಕ್ ವಿವರ, ಡೋಂಗಲ್ ಎಲ್ಲಾ ಆದೇಶಕ್ಕೆ ಮುಂಚೆಯೇ ನೋಡಿಟ್ಟುಕೊಂಡೆ. ಮಾಲು ಬಂದ ದಿನವೇ ಪರಿಶೀಲನೆ ವರದಿ ಬರೆದು ಸಹಿ ಹಾಕಿಸಿದೆ. ದರಪಟ್ಟಿ ಕೇಳುವ ಪತ್ರದಲ್ಲಿ ಡೀಲರ್‌ಗಳನ್ನು ದೂರ ಇಡುವ ಒಂದು ಸಾಲಿದೆ, ಕಾನೂನಿನ ಒಳಗಿನದೇ. ಅದನ್ನು ಇಲ್ಲಿ ಬರೆಯಲ್ಲ, ಬರೆದರೆ ಮರುದಿನವೇ ಅವರು ದಾರಿ ಹುಡುಕುತ್ತಾರೆ. ಪಿಡಿಒ ಗೆಳೆಯರು ಎದುರಿಗೆ ಸಿಕ್ಕರೆ ಹೇಳುತ್ತೇನೆ.

ದುಬಾರಿ ಅಲ್ವಾ ಅಂತ ಕೇಳುತ್ತಾರೆ. ಪ್ಲಾಸ್ಟಿಕ್ ಚಾಪೆ 450ಕ್ಕೆ ಬರುತ್ತಿತ್ತು. ಒಂದೇ ವರ್ಷಕ್ಕೆ ಅಂಚು ಪುಡಿಪುಡಿ, ಮಕ್ಕಳ ಕಾಲಿಗೆ ಚುಚ್ಚುತ್ತಿತ್ತು. ಎರಡನೇ ವರ್ಷ ತಂದ ಜಮಖಾನ ಒಗೆದು ಒಗೆದು ಬಣ್ಣ ಸ್ವಲ್ಪ ಮಾಸಿದೆ, ಅಷ್ಟೇ.

ಇದೇ ಹುರುಪಿನಲ್ಲಿ ಬೇರೆಯದಕ್ಕೂ ಕೈಹಾಕಿದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೂ ಅವಕಾಶ ಸಿಕ್ಕಿತಲ್ಲ, ಆಮೇಲೂ ನಮ್ಮ ಶಾಲೆಗಳಿಗೆ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಬಾವುಟವನ್ನೇ ತರಿಸಿದೆ. ಜೂನ್‌ನಲ್ಲೇ ಹೇಳಿಬಿಡಿ, ಆಗಸ್ಟ್ ಹತ್ತಿರ ಬಂದಾಗ ಓಡಾಡಬೇಡಿ. ಗ್ರಾಮಸಭೆಯ ಚಹಾ, ಮಂಡಕ್ಕಿ ಸ್ವಸಹಾಯ ಸಂಘದವರಿಗೆ ಕೊಟ್ಟೆ, ಮೊದಲ ಸಲವೇ ಸಲೀಸಾಯಿತು. ಸಂತೆಗೆ ಬಟ್ಟೆ ಚೀಲ ಮಾತ್ರ ಸೋತಿತು. 200 ಹೊಲಿಸಿದೆ, 15 ರೂಪಾಯಿಯಂತೆ ನಲವತ್ತೋ ಐವತ್ತೋ ಹೋದವು. ಹೊಲಿದವರಿಗೆ ಪೂರ್ತಿ ದುಡ್ಡು ಕೊಟ್ಟಿದ್ದೇನೆ. ಉಳಿದ ಚೀಲ ಇನ್ನೂ ಕಪಾಟಿನಲ್ಲಿವೆ.

ಈ ವರ್ಷದ ಎರಡನೇ ಕಂತಿನ ದುಡ್ಡು ಒಂಬತ್ತನೇ ದಿನಕ್ಕೆ ಖಾತೆಗೆ ಬಿತ್ತು. ಮಗ್ಗದ ಆ ಹಿರಿಯರೇ ಫೋನ್ ಮಾಡಿದರು: "ಬಂತ್ರಿ ಸಾಹೇಬ್ರ. ನೂಲು ತಂದೇವ್ರಿ. ಮುಂದಿಂದಕ್ಕ ನವಿಲ ಹಾಕ್ಲ್ಯೋ, ಪಗಡಿಯಾಟದ ಪಟ ಹಾಕ್ಲ್ಯೋ?"

ಅಂಗನವಾಡಿ ಮಕ್ಕಳು ನವಿಲಿನ ಮೇಲೆ ಕೂರೋಕೆ ಜಗಳ ಆಡುತ್ತವೆ. ಎಲ್ಲದಕ್ಕೂ ನವಿಲೇ ಹಾಕಿ ಅಂದೆ.