ನೀರು ನಿಲ್ಲಿಸಿದ ಮೇಲೆ ಹಿಡಿದ ಲಾವಂಚ

"ಹುಲ್ಲು ಕೀಳೋಕೆ ಕೂಲಿ ಕೊಡೋ ಕಾಲದಲ್ಲಿ ದುಡ್ಡು ಕೊಟ್ಟು ಹುಲ್ಲು ನೆಡ್ತೀಯಲ್ಲೋ" ಅಂತ ದೊಡ್ಡಪ್ಪ ನಕ್ಕಿದ್ದರು. ಎರಡು ವರ್ಷ ಅವರ ಮಾತೇ ಗೆದ್ದಿತು.

ಮೊದಲ ಸಲ ಲಾವಂಚದ 300 ಸಸಿ ತಂದು ಮಾರ್ಚಿಯಲ್ಲೇ ನೆಟ್ಟೆ. ಡ್ರಿಪ್ ಇದೆಯಲ್ಲ ಅನ್ನೋ ಧೈರ್ಯ. ದಿನಾ ಹನಿ ನೀರು ಕುಡಿದು ಬೇರು ಪೂರ್ತಿ ಮೇಲ್ಮಣ್ಣಲ್ಲೇ ಹರಡಿತ್ತು. ಮೇ ತಿಂಗಳಲ್ಲಿ ಮೋಟರ್ ಸುಟ್ಟು ಹತ್ತು ದಿನ ನೀರಿಲ್ಲ, ಉಳಿದದ್ದು 50ರ ಆಸುಪಾಸು. ಸಸಿ, ಸಾಗಾಟ, ಆಳು, ಕೊನೆಗೆ ಟ್ಯಾಂಕರ್ ಸೇರಿ ಆರೇಳು ಸಾವಿರ ಮಣ್ಣುಪಾಲು. ಮರುವರ್ಷ ಬೇವಿನ ಸಾಲಿನ ಕೆಳಗೆ ನೆಟ್ಟೆ. ಲಾವಂಚಕ್ಕೆ ನೆರಳು ಆಗದು ಅಂತ ಗೊತ್ತಿದ್ದೂ ಮಾಡಿದ ಪೆದ್ದುತನ ಅದು.

ಗುಂಡ್ಲುಪೇಟೆ ಕಡೆ ಹೊಲದ ಬದುಗಳಲ್ಲಿ ಲಾವಂಚದ ಸಾಲು ತಲೆಮಾರುಗಳಿಂದ ನಿಂತಿದೆ. ಅಲ್ಲಿ ಡ್ರಿಪ್ ಹಾಕಿದವರು ಯಾರು? ಈ ಪ್ರಶ್ನೆ ನನಗೆ ಹೊಳೆದದ್ದು ಮೂರನೇ ವರ್ಷ.

ಬದುಕುಳಿದ ಬುಡಗಳನ್ನೇ ಒಡೆದೆ. ನಡುವಿನ ಒಣಕಲು ಬಿಟ್ಟು ಅಂಚಿನ ಎಳೆ ತೆಂಡೆ (ಬುಡದಿಂದ ಒಡೆದ ಮರಿ) ಮಾತ್ರ, ಎರಡು ಮೂರು ಒಟ್ಟಿಗೆ. ಎಲೆ ಒಂದು ಗೇಣಿಗೆ, ಬೇರು ನಾಲ್ಕು ಬೆರಳಿಗೆ ಕತ್ತರಿಸಿ, ಬಿಳಿ ಬೇರು ಮೂಡುವ ತನಕ ನೆರಳಲ್ಲಿ ಸಗಣಿ ಬಗ್ಗಡದಲ್ಲಿಟ್ಟೆ. ಬಗ್ಗಡಕ್ಕೆ ಇನ್ನೊಂದು ಸಾಮಾನು ಬೆರೆಸ್ತೀನಿ, ಅದನ್ನ ಮಾತ್ರ ಕೇಳಬೇಡಿ. ಎರಡನೇ ಹದಮಳೆ ಬಿದ್ದ ಮೇಲೆ ನೆಟ್ಟೆ. ಸತ್ತ ಜಾಗಕ್ಕೆ ಮೂರು ವಾರದೊಳಗೆ ಬೇರೆ ತೆಂಡೆ. ಮಳೆ ಹೋದಮೇಲೆ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಎರಡು ಲೀಟರ್, ಒಂದೇ ಸಲ. ಸಂಕ್ರಾಂತಿ ಕಳೆದದ್ದೇ ನೀರು ಬಂದ್.

ಏಪ್ರಿಲಿನಲ್ಲಿ ಸಾಲಿಗೆ ಸಾಲೇ ಭತ್ತದ ಹುಲ್ಲಿನ ಬಣ್ಣ. "ಒಲೆಗೆ ಹಾಕು" ಅಂದರು ದೊಡ್ಡಪ್ಪ. ನನಗೂ ಎದೆ ಡವಡವ. ಮುಂಗಾರಿಗೆ ಮುಂಚಿನ ಒಂದು ಜೋರು ಮಳೆಗೆ 280ರಲ್ಲಿ 260 ಚಿಗುರಿದವು. ಮೊಣಕಾಲೆತ್ತರಕ್ಕೆ ಕತ್ತರಿಸಿ, ಕೊಯ್ದದ್ದನ್ನ ಕರಿಬೇವಿನ ಬುಡಕ್ಕೆ ಹೊದಿಸಿದೆ. ಹಟಕ್ಕೆ ಬಿದ್ದು ಒಂದು ಬುಡದ ಪಕ್ಕ ಗುಂಡಿ ತೋಡಿಸಿದೆ. ಎದೆಮಟ್ಟ ಇಳಿದರೂ ಬೇರು ಮುಗಿಯಲಿಲ್ಲ, ಆಳು ಹಾರೆ ಬಿಸಾಕಿ ಎದ್ದು ಬಂದ.

ಪಕ್ಕದ ಪಟ್ಟೆಯಲ್ಲಿ ಅಂಜನ ಅನ್ನೋ ಮೇವಿನ ಹುಲ್ಲನ್ನೂ ಬೀಜದಿಂದ ಬೆಳೆಸಿ ನೋಡಿದೆ. ಆಗಷ್ಟೇ ಕೊಯ್ದ ಬೀಜ ಮೊಳೆಯಲೇ ಇಲ್ಲ. ಬೀಜ ಮಾರಿದವನಿಗೆ ಸಾಕಷ್ಟು ಬೈದೆ. ಮರೆತು ಡಬ್ಬಿಯಲ್ಲಿ ಬಿಟ್ಟಿದ್ದ ಅದೇ ಬೀಜವನ್ನ ವರ್ಷದ ಮೇಲೆ ಮಣ್ಣಿನ ಮೇಲೇ ಉದುರಿಸಿ ಕಸಪೊರಕೆ ಆಡಿಸಿದೆ, ದಟ್ಟವಾಗಿ ಬಂತು. ಹೊಸ ಬೀಜಕ್ಕೆ ನಿದ್ದೆ ಹೆಚ್ಚು, ಪಾಪ ಅವನದೇನು ತಪ್ಪು.

ಈ ಸಲ ಲಾವಂಚದ ತೆಂಡೆ ಮಾರಿ ಕಳೆದದ್ದರಲ್ಲಿ ಅರ್ಧ ವಾಪಸ್ ಬಂದಿದೆ. ದೊಡ್ಡಪ್ಪ ಎರಡು ಚೀಲ ಒಯ್ದಿದ್ದಾರೆ, ಅದರ ಲೆಕ್ಕ ಬೇರೆ.