ಶುಗರ್ ಮಾತ್ರೆ: ಯಾವುದು ತಿಂಡಿಗೆ ಮುಂಚೆ, ಯಾವುದು ಊಟದ ಮೇಲೆ, ಯಾವತ್ತು ಬೇಡ

ಮನೆಯಲ್ಲಿರುವ ಶುಗರ್ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ದಪ್ಪ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಒಳಗಿನ ಔಷಧ ಯಾವುದು, ಎಷ್ಟು ಮಿ.ಗ್ರಾಂ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ, ಬೇಕಾದದ್ದು ಅದೇ. ಟೈಪ್ 2 ಮಧುಮೇಹಕ್ಕೆ ನಮ್ಮಲ್ಲಿ ಬರೆಯುವ ಎಷ್ಟೋ ಮಾತ್ರೆಗಳಲ್ಲಿ ಎರಡು ಅಥವಾ ಮೂರು ಔಷಧ ಒಟ್ಟಿಗಿರುತ್ತವೆ. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಜೋಡಿಯಲ್ಲಿ ಹೆಸರಿನ ಕೊನೆಯ 1 ಅಥವಾ 2 ಸಾಮಾನ್ಯವಾಗಿ ಗ್ಲಿಮೆಪಿರೈಡ್‌ನ ಮಿ.ಗ್ರಾಂ. ಮೆಡಿಕಲ್ ಶಾಪಿನಲ್ಲಿ 1ರ ಬದಲು 2 ಕೈಗೆ ಬಂದರೆ ಆ ಔಷಧ ದುಪ್ಪಟ್ಟಾಯಿತು. ಸ್ಟ್ರಿಪ್‌ಗಳು ಒಂದೇ ಬಣ್ಣದಲ್ಲಿರುವುದರಿಂದ ಇದು ಸುಲಭವಾಗಿ ಆಗುವ ತಪ್ಪು.

ಇನ್ನೊಂದು ತಪ್ಪು ಎರಡು ಚೀಟಿಯಿಂದ ಬರುತ್ತದೆ. ಒಬ್ಬ ಡಾಕ್ಟರು ಜೋಡಿ ಮಾತ್ರೆ ಬರೆದಿರುತ್ತಾರೆ, ಇನ್ನೊಬ್ಬರು ಬೇರೆ ಹೆಸರಿನಲ್ಲಿ ಬರೀ ಮೆಟ್‌ಫಾರ್ಮಿನ್. ರೋಗಿ ಎರಡನ್ನೂ ನುಂಗುತ್ತಾರೆ. ಔಷಧದ ಹೆಸರು, ಮಿ.ಗ್ರಾಂ, ಹೊತ್ತು, ಈ ಮೂರನ್ನು ಒಂದು ಕಾಗದದಲ್ಲಿ ಬರೆದು ಪರ್ಸಿನಲ್ಲಿಡಿ. ಹಲ್ಲಿನ ಡಾಕ್ಟರಿಗೂ ಅದನ್ನು ತೋರಿಸಿ.

ಮೆಟ್‌ಫಾರ್ಮಿನ್

ಊಟದ ಜೊತೆಗೆ ಅಥವಾ ಊಟವಾದ ತಕ್ಷಣ. ಖಾಲಿ ಹೊಟ್ಟೆಗೆ ಹಾಕಿದರೆ ವಾಕರಿಕೆ, ಭೇದಿ, ಬಾಯಲ್ಲಿ ಲೋಹದ ರುಚಿ. ಅದಕ್ಕೇ 500 ಮಿ.ಗ್ರಾಂನಿಂದ ಶುರುಮಾಡಿ, ಒಂದೆರಡು ವಾರಕ್ಕೊಮ್ಮೆ ಏರಿಸುತ್ತಾರೆ. ಮೊದಲ ವಾರ ಹೊಟ್ಟೆ ಕೆಟ್ಟಿತೆಂದು ಬಿಟ್ಟುಬಿಡಬೇಡಿ, ಬಹಳ ಮಂದಿಗೆ ತಾನಾಗಿ ಸರಿಹೋಗುತ್ತದೆ. ಹೋಗದಿದ್ದರೆ ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆ ಕೇಳಿ. ಅದನ್ನು ಪುಡಿ ಮಾಡಬಾರದು, ಜಗಿಯಬಾರದು. ಇಡೀ ದಿನಕ್ಕೆ ಹಂಚಿಹೋಗಬೇಕಾದ ಔಷಧ ಒಮ್ಮೆಗೇ ಬಿಡುಗಡೆಯಾಗುತ್ತದೆ. ಮಲದಲ್ಲಿ ಮಾತ್ರೆಯ ಆಕಾರವೇ ಕಂಡರೆ ಗಾಬರಿ ಬೇಡ, ಅದು ಔಷಧ ಹೋದ ಮೇಲೆ ಉಳಿದ ಖಾಲಿ ಚಿಪ್ಪು.

ಈ ಔಷಧ ಹೊರಹೋಗುವುದು ಮೂತ್ರಪಿಂಡದ ಮೂಲಕ. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ವರದಿಯಲ್ಲಿ ಇಜಿಎಫ್‌ಆರ್ (ಮೂತ್ರಪಿಂಡ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂಬ ಅಂಕಿ) 45ಕ್ಕಿಂತ ಕೆಳಗಿದ್ದರೆ ಪ್ರಮಾಣ ಇಳಿಸಬೇಕಾಗುತ್ತದೆ, 30ಕ್ಕಿಂತ ಕೆಳಗಿದ್ದರೆ ನಿಲ್ಲಿಸಬೇಕು. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುವುದುಂಟು, ಸಸ್ಯಾಹಾರಿಗಳಲ್ಲಿ ಇನ್ನೂ ಬೇಗ. ಕಾಲು ಜೋಮು ಹಿಡಿಯುವುದೆಲ್ಲ ಶುಗರಿನಿಂದಲೇ ಎಂದುಕೊಳ್ಳದೆ ಬಿ12 ಕೂಡ ನೋಡಿಸಿ.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್

ಹುಷಾರಾಗಿರಬೇಕಾದದ್ದು ಈ ಗುಂಪಿನ ಬಗ್ಗೆ. ನೀವು ಉಂಡಿದ್ದೀರೋ ಇಲ್ಲವೋ ಇವಕ್ಕೆ ಗೊತ್ತಾಗುವುದಿಲ್ಲ. ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡುತ್ತಲೇ ಇರುತ್ತವೆ. ಗ್ಲಿಮೆಪಿರೈಡ್ ದಿನಕ್ಕೊಮ್ಮೆ ಎಂದು ಬರೆದಿದ್ದರೆ ಬೆಳಗಿನ ತಿಂಡಿಗೆ ಸ್ವಲ್ಪ ಮುಂಚೆ ಅಥವಾ ಮೊದಲ ತುತ್ತಿನ ಜೊತೆ. ತಟ್ಟೆ ಮುಂದೆ ಬಂದ ಮೇಲೆ ಮಾತ್ರೆ ಕೈಗೆತ್ತಿಕೊಳ್ಳುವುದೇ ಕ್ಷೇಮ. ಎದ್ದ ಕೂಡಲೇ ನುಂಗಿ, ವಾಕಿಂಗ್, ಸ್ನಾನ, ಪೂಜೆ ಮುಗಿಸಿ ತಿಂಡಿಗೆ ಕೂರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದರೆ ಸಕ್ಕರೆ ಕುಸಿದಿರಬಹುದು. ಮದುವೆಮನೆಯಲ್ಲಿ ಮೂರನೇ ಪಂಕ್ತಿಗೆ ಕಾಯುವವರ ಪಾಡೂ ಅದೇ. ಗ್ಲಿಬೆನ್‌ಕ್ಲಮೈಡ್ ಹಳೆಯದು, ದೇಹದಲ್ಲಿ ಹೆಚ್ಚು ಹೊತ್ತು ಕೂರುತ್ತದೆ. ಅರವತ್ತೈದು ದಾಟಿದವರ ಸ್ಟ್ರಿಪ್‌ನಲ್ಲಿ ಅದಿದ್ದರೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳುವುದು ಒಳ್ಳೆಯದು.

ಕೋಟ್ರೈಮಾಕ್ಸಜೋಲ್, ಲೆವೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್‌ಗಳು ಇವುಗಳ ಜೊತೆ ಸೇರಿದರೆ ಶುಗರ್ ಇನ್ನಷ್ಟು ಇಳಿಯಬಹುದು. ಹಾಗಲಕಾಯಿ ರಸ, ಇನ್ಸುಲಿನ್ ಗಿಡದ ಎಲೆಯನ್ನು ಅಳತೆಯಿಲ್ಲದೆ ಮಾತ್ರೆಯ ಮೇಲೆ ಸೇರಿಸುವವರೂ ಇದ್ದಾರೆ. ಪಲ್ಯ ತಿನ್ನಿ, ಲೋಟಗಟ್ಟಲೆ ರಸ ಬೇಡ.

ಶುಗರ್ ಇಳಿದಾಗ

ಬೆವರು, ಕೈನಡುಕ, ಎದೆ ಡವಡವ, ತಡೆಯಲಾಗದ ಹಸಿವು, ಕಣ್ಣು ಮಂಜು, ಕಾರಣವಿಲ್ಲದ ಸಿಡುಕು. ವಯಸ್ಸಾದವರಲ್ಲಿ ಬರೀ ಮಂಕು, ತೊದಲು ಮಾತು. ಬಿಪಿಗೆ ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಿಗೆ ನಡುಕವೂ ಡವಡವವೂ ಗೊತ್ತಾಗದೇ ಹೋಗಬಹುದು, ಅವರು ಬೆವರನ್ನೇ ನಂಬಬೇಕು.

1. ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಲೋ ಶುಗರ್. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರದೆ ಮುಂದಿನದ್ದನ್ನು ಮಾಡಿ.
2. 15 ಗ್ರಾಂ ಗ್ಲುಕೋಸ್ ಪುಡಿ, ಅಂದರೆ ಸುಮಾರು ಮೂರು ಟೀ ಚಮಚ, ಅರ್ಧ ಲೋಟ ನೀರಿಗೆ ಹಾಕಿ ಕುಡಿಸಿ. ಇಲ್ಲದಿದ್ದರೆ ಅಷ್ಟೇ ಸಕ್ಕರೆ. ಚಾಕೊಲೇಟ್, ಮೈಸೂರು ಪಾಕ್ ಬೇಡ. ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಿಸುತ್ತದೆ.
3. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಇನ್ನೂ 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ.
4. ಏರಿದ ಮೇಲೆ ಎರಡು ಇಡ್ಲಿಯೋ ಬಾಳೆಹಣ್ಣೋ ತಿನ್ನಿಸಿ.

ಸರಿಹೋಯಿತೆಂದು ಮಲಗಿಸಬೇಡಿ. ಗ್ಲಿಮೆಪಿರೈಡ್ ಪ್ರಭಾವ ಇಡೀ ದಿನ ಇರುತ್ತದೆ, ಮಧ್ಯಾಹ್ನ ಏರಿದ ಶುಗರ್ ರಾತ್ರಿ ಮತ್ತೆ ಇಳಿಯಬಹುದು. ವೃದ್ಧರು ಮತ್ತು ಕಿಡ್ನಿ ತೊಂದರೆ ಇರುವವರು ಆಸ್ಪತ್ರೆಯಲ್ಲೇ ಒಂದು ದಿನ ಇರುವುದು ಲೇಸು. ಮುಂದಿನ ಮಾತ್ರೆ ಡಾಕ್ಟರನ್ನು ಕೇಳಿದ ಮೇಲೆಯೇ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.

ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ ಮಾತ್ರೆ ನಡೆಯುತ್ತಿದ್ದರೆ ಸಕ್ಕರೆ ಸಾಲದು, ಗ್ಲುಕೋಸ್ ಪುಡಿಯೇ ಆಗಬೇಕು. ಸಕ್ಕರೆಯನ್ನು ಒಡೆಯುವ ಕರುಳಿನ ಕಿಣ್ವವನ್ನೇ ಈ ಔಷಧ ತಡೆದಿರುತ್ತದೆ.

ಉಳಿದವು

ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್: ಊಟಕ್ಕೆ ಮುಂಚೆಯೋ ಆಮೇಲೋ, ಹೇಗಾದರೂ ಸರಿ. ಪಯೋಗ್ಲಿಟಜೋನ್: ಕಾಲು ಊತ ಬಂದರೆ ತಿಳಿಸಿ, ಹೃದಯ ವೈಫಲ್ಯ ಇದ್ದವರಿಗೆ ಕೂಡದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಹಾಗಾಗಿ ಮೂತ್ರ ಪರೀಕ್ಷೆಯಲ್ಲಿ ಸಕ್ಕರೆ ಕಾಣುವುದು ಸಹಜ. ಗುಪ್ತಾಂಗದಲ್ಲಿ ತುರಿಕೆ ಬರಬಹುದು, ಪ್ರತಿ ಸಲ ನೀರಿನಲ್ಲಿ ತೊಳೆದು ಒರೆಸಿಕೊಳ್ಳಿ. ಇವುಗಳಲ್ಲಿ ಮೋಸ ಮಾಡುವ ಅಪಾಯವೊಂದಿದೆ: ಶುಗರ್ 200ರ ಆಸುಪಾಸಿನಲ್ಲೇ ಇದ್ದರೂ ರಕ್ತದಲ್ಲಿ ಕೀಟೋನ್ ಆಮ್ಲ ತುಂಬಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಒಟ್ಟಿಗೆ ಬಂದರೆ ಮೀಟರ್ ನೋಡಿ ಸಮಾಧಾನಪಟ್ಟುಕೊಳ್ಳದೆ ಆಸ್ಪತ್ರೆಗೆ ಹೋಗಿ. ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿದ್ದರೆ ಇವನ್ನು ಸಾಮಾನ್ಯವಾಗಿ ಮೂರು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ.

ವಾಂತಿ, ಭೇದಿ, ಜ್ವರ, ಉಪವಾಸ

ವಾಂತಿ ಭೇದಿ ಇರುವಷ್ಟು ಹೊತ್ತು ಮೆಟ್‌ಫಾರ್ಮಿನ್ ಮತ್ತು ಹೆಸರು ‘ಫ್ಲೋಜಿನ್’ ಎಂದು ಮುಗಿಯುವ ಮಾತ್ರೆಗಳನ್ನು ತಡೆಹಿಡಿಯಬೇಕು. ಮೈಯಲ್ಲಿ ನೀರು ಆರಿದಾಗ ಮೂತ್ರಪಿಂಡ ಸೊರಗುತ್ತದೆ. ಒಂದೆರಡು ದಿನ ಸರಿಯಾಗಿ ಉಂಡು ಕುಡಿದ ಮೇಲೆ ಮತ್ತೆ ಶುರು. ಊಟ ಸೇರದಿದ್ದರೆ ಗ್ಲಿಮೆಪಿರೈಡ್ ನುಂಗುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ. ಆದರೆ ಉಂಡಿಲ್ಲವೆಂದು ಶುಗರ್ ಕಡಿಮೆಯೇ ಇರುತ್ತದೆ ಎಂದುಕೊಳ್ಳಬೇಡಿ. ಜ್ವರವೇ ಶುಗರ್ ಏರಿಸುತ್ತದೆ. ನಾಲ್ಕಾರು ಗಂಟೆಗೊಮ್ಮೆ ನೋಡಿ, 300 ದಾಟಿದರೆ ಅಥವಾ ನೀರೂ ನಿಲ್ಲದಿದ್ದರೆ ಆಸ್ಪತ್ರೆ.

ಏಕಾದಶಿ, ಶಿವರಾತ್ರಿಯ ನಿರಾಹಾರದ ದಿನ ಗ್ಲಿಮೆಪಿರೈಡ್ ಎಂದಿನಂತೆ ನುಂಗುವುದು ಅಪಾಯ. ರಂಜಾನ್‌ನಲ್ಲಿ ದಿನಕ್ಕೊಮ್ಮೆಯ ಮಾತ್ರೆಯನ್ನು ಸಾಮಾನ್ಯವಾಗಿ ಇಫ್ತಾರಿಗೆ ಬದಲಿಸುತ್ತಾರೆ, ಇದಕ್ಕೆ ತಿಂಗಳು ಮೊದಲೇ ಡಾಕ್ಟರನ್ನು ಕಾಣಿ. ಯಾವ ಉಪವಾಸವೇ ಆಗಲಿ, 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಅಲ್ಲಿಗೆ ಮುರಿಯಬೇಕು.

ಮರೆತರೆ, ಅಳೆಯುವಾಗ

ಬೆಳಗಿನ ಮಾತ್ರೆ ಮರೆತಿರೆಂದು ರಾತ್ರಿ ಎರಡು ನುಂಗಬೇಡಿ. ವಾರದ ಡಬ್ಬಿಯಲ್ಲಿ ಹಾಕಿಟ್ಟರೆ ನುಂಗಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಜಾಗವಿಲ್ಲ.

ಹಲವರಿಗೆ ಡಾಕ್ಟರು ಇಡುವ ಗುರಿ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟವಾಗಿ ಎರಡು ಗಂಟೆಗೆ 180ರ ಒಳಗೆ, ಮೂರು ತಿಂಗಳ ಸರಾಸರಿ ಎಚ್‌ಬಿಎ1ಸಿ 7ರ ಒಳಗೆ. ವೃದ್ಧರಿಗೆ 8ರವರೆಗೂ ಬಿಡುತ್ತಾರೆ, ಬಿಗಿ ಮಾಡಲು ಹೋಗಿ ಬೀಳಿಸುವುದಕ್ಕಿಂತ ಅದು ವಾಸಿ. ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಮನೆಯ ಮೀಟರಿಗೆ ಹೊಂದದಿದ್ದರೆ ಹಿಮೋಗ್ಲೋಬಿನ್ ನೋಡಿಸಿ. ಚುಚ್ಚುವ ಮೊದಲು ಸೋಪು ಹಾಕಿ ಕೈ ತೊಳೆದು ಒರೆಸಿಕೊಳ್ಳಿ: ಮಾವಿನಹಣ್ಣು ಹೆಚ್ಚಿದ ಬೆರಳಿನಲ್ಲಿ ತೆಗೆದ ರಕ್ತದಲ್ಲಿ ಮೀಟರ್ ಮಾವಿನ ಸಕ್ಕರೆಯನ್ನೂ ಎಣಿಸುತ್ತದೆ.