ಬಿಷಪ್ಪರ ಪತ್ರ ಐತಿ, ಠರಾವು ಎಲ್ಲೈತಿ?

ಬ್ಯಾಂಕ್ ನೌಕರಿಯಿಂದ ನಿವೃತ್ತನಾದ ಮೇಲೆ ಬೆಳಗಾವಿ ಕ್ಯಾಥೊಲಿಕ್ ಧರ್ಮಪ್ರಾಂತದ ಒಂದು ಕಿರಿಯ ಗುರುಮಠದ (ಸೆಮಿನರಿ) ಹಣಕಾಸು ಸಮಿತಿಗೆ ಸೇರಿದೆ. ಚರ್ಚಿನ ಗುರುಗಳಾಗಬೇಕು ಅಂತ ಬಂದ ಹುಡುಗರು ಇಲ್ಲಿದ್ದುಕೊಂಡೇ ಪಿಯುಸಿ ಓದುತ್ತಾರೆ. ತತ್ವಶಾಸ್ತ್ರ, ದೇವಶಾಸ್ತ್ರ ಎಲ್ಲ ಮುಂದೆ ಹಿರಿಯ ಗುರುಮಠಗಳಲ್ಲಿ. ಲೆಕ್ಕ ನೋಡಿದರೆ ಸಾಕು ಅಂದಿದ್ದರು. ಲೆಕ್ಕಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು, ಯಾವ ಕಾಗದಕ್ಕೆ ಯಾರ ಸಹಿ ಅನ್ನೋದು.

ಧರ್ಮಸಭೆಯ 1983ರ ಕಾನೂನು ಸಂಹಿತೆಯ 238ನೇ ವಿಧಿ ಪ್ರಕಾರ ಗುರುಮಠಕ್ಕೆ ತನ್ನದೇ ಕಾನೂನು ಅಸ್ತಿತ್ವ ಇದೆ, ಅದರ ಪ್ರತಿನಿಧಿ ರೆಕ್ಟರ್, ಅಂದರೆ ಗುರುಮಠದ ಮುಖ್ಯಸ್ಥರು. ಆದರೆ ಬ್ಯಾಂಕಾಗಲಿ, ತಹಶೀಲ್ದಾರ್ ಕಚೇರಿಯಾಗಲಿ ಈ ಸಂಹಿತೆ ನೋಡೋದಿಲ್ಲ. ಅವರಿಗೆ ಗೊತ್ತಿರೋದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ, ಗುರುಮಠ ನಡೆಸುವ ನಮ್ಮ ಸೊಸೈಟಿ. ಹೊಲದ ಉತಾರ, ಪ್ಯಾನ್ ಕಾರ್ಡ್, ಪಾಸ್‌ಬುಕ್ ಎಲ್ಲ ಅದರ ಹೆಸರಲ್ಲೇ.

ರೆಕ್ಟರ್ ವರ್ಗ ಆದಾಗ ಇದು ಸರಿಯಾಗಿ ತಟ್ಟಿತು. ಹೊಸ ಫಾದರ್ ನೇಮಕದ ಪತ್ರ ಹಿಡಿದು ಬ್ಯಾಂಕಿಗೆ ಬಂದರು, ಜೊತೆಗೆ ನಾನು. ಮ್ಯಾನೇಜರ್ ಪತ್ರ ಓದಿ, ಮೊಹರು ನೋಡಿ, ಮರಳಿ ಕೊಟ್ಟರು. "ಫಾದರ್, ಬಿಷಪ್ಪರ ಪತ್ರ ಐತಿ, ಖರೆ. ಸೊಸೈಟಿ ಠರಾವು ಎಲ್ಲೈತಿ?" ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಠರಾವು ಆಗೋವರೆಗೆ ಚೆಕ್‌ಗೆ ಹಳೇ ರೆಕ್ಟರೇ ಸಹಿ ಮಾಡಬೇಕು. ಅವರೋ ಆಗಲೇ ಬೇರೆ ಊರಿನ ಚರ್ಚಿನಲ್ಲಿ! ಅಡುಗೆಮನೆಗೆ ಅಕ್ಕಿ, ಬೇಳೆ ಉದ್ರಿ ತಂದೆವು.

ಆಮೇಲೆ ಬೈಲಾ ತಿದ್ದಿಸಿದೆವು. ಆಡಳಿತ ಮಂಡಳಿಯಲ್ಲಿ ಈಗ ವ್ಯಕ್ತಿಗಳ ಹೆಸರಿಲ್ಲ, ಹುದ್ದೆಗಳಿವೆ. ಯಾರು ರೆಕ್ಟರೋ ಅವರೇ ಅಧ್ಯಕ್ಷರು. ನೇಮಕದ ಪತ್ರ ಬಂದ ವಾರದಲ್ಲೇ ಸಭೆ ಕರೆದು ಸಹಿ ಬದಲಾವಣೆಗೆ ಠರಾವು ಮಾಡುತ್ತೇವೆ. ನೋಂದಣಾಧಿಕಾರಿಗೆ ವರ್ಷವರ್ಷ ಕೊಡುವ ಪಟ್ಟಿಯಲ್ಲೂ ಹೊಸ ಹೆಸರು ಹೋಗುತ್ತದೆ.

ಇನ್ನೊಂದು ಸೂಕ್ಷ್ಮ ವಿಷಯ. ಮಂಡಳಿಯಲ್ಲಿ ಆಧ್ಯಾತ್ಮಿಕ ನಿರ್ದೇಶಕರೂ ಇದ್ದರು. ಹುಡುಗರು ಮನಸ್ಸು ಬಿಚ್ಚಿ ಮಾತಾಡೋದು ಅವರ ಹತ್ತಿರವೇ. ಅದಕ್ಕೇ ಒಬ್ಬ ಹುಡುಗನನ್ನು ಮನೆಗೆ ಕಳಿಸುವ ತೀರ್ಮಾನದಲ್ಲಿ ಅವರ ಅಭಿಪ್ರಾಯ ಕೇಳಲೇಬಾರದು ಅನ್ನುತ್ತದೆ 240ನೇ ವಿಧಿ. ನಮ್ಮ ಸೊಸೈಟಿ ಪುಸ್ತಕದಲ್ಲಿ ಮಾತ್ರ ಅಂಥ ವಿಷಯ ಗ್ಯಾಸ್ ಬಿಲ್ ಪಕ್ಕದಲ್ಲೇ ಬರೆದಿತ್ತು, ಅವರ ಸಹಿಯೂ ಇತ್ತು. ಹುಡುಗರ ವಿಷಯ ಪೂರ್ತಿ ಬೇರೆ ಮಾಡಿದೆವು. ಅದೀಗ ರೆಕ್ಟರ್ ಮತ್ತು ತರಬೇತಿ ಕೊಡುವ ಗುರುಗಳ ಸಭೆಗೆ, ಬೀಗದೊಳಗಿನ ಪುಸ್ತಕಕ್ಕೆ. ಸೊಸೈಟಿಗೆ ದುಡ್ಡು, ಜಮೀನು, ಕೆಲಸಗಾರರ ಪಗಾರ, ಪಿಎಫ್ ಅಷ್ಟೇ. ಆದರೆ ಹದಿನೆಂಟು ತುಂಬದ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯದ ದೂರು ಬಂದರೆ ಯಾವ ಸಭೆಗೂ ಕಾಯುವಂತಿಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು.

ಆಸ್ತಿ ಮಾರಾಟದಂಥ ದೊಡ್ಡ ವ್ಯವಹಾರಕ್ಕೆ ಮೊದಲು ಬಿಷಪ್ಪರ ಲಿಖಿತ ಒಪ್ಪಿಗೆ, ಆಮೇಲೆ ಠರಾವು, ಕೊನೆಗೆ ಸಬ್ ರಿಜಿಸ್ಟ್ರಾರ್ ಕಚೇರಿ. ಒಪ್ಪಿಗೆ ಪತ್ರದ ತಾರೀಖನ್ನು ಠರಾವಿನಲ್ಲೇ ಬರೆಯುತ್ತೇವೆ. ವರ್ಷದ ಲೆಕ್ಕ ಬಿಷಪ್ಪರಿಗೂ ಹೋಗಬೇಕು, ನೋಂದಣಾಧಿಕಾರಿಗೂ ಹೋಗಬೇಕು. ಮೊದಲು ಎರಡನ್ನೂ ಬೇರೆಬೇರೆ ಬರೆಯುತ್ತಿದ್ದರು, ಮೊತ್ತ ತಾಳೆ ಆಗುತ್ತಿರಲಿಲ್ಲ. ಈಗ ಆಡಿಟ್ ಆದ ಒಂದೇ ತಾಳೆಪಟ್ಟಿ, ಅದರದೇ ಜೆರಾಕ್ಸ್ ಎರಡೂ ಕಡೆಗೆ.